ಹುಳದ ಮನೆಯಲ್ಲಿ ಜ್ವರಕ್ಕೆ ಕೂತ ಕಂಪ್ಯೂಟರಿಗೆ

ಇವರಿಂದ: ಕೆ. ಬೋರಲಿಂಗಯ್ಯ, ನಿವೃತ್ತ ರೇಷ್ಮೆ ಪ್ರದರ್ಶಕ, ಕೈಲಾಂಚ ಹೋಬಳಿ, ರಾಮನಗರ ತಾಲ್ಲೂಕು ಮತ್ತು, ಕಳೆದ ಆಗಸ್ಟಿನಿಂದ, ಜಿಲ್ಲೆ.

ಇವರಿಗೆ: ಶ್ರೀ ಕಂಪ್ಯೂಟರ್ ಅವರು, ಕಾಯಂ ವಿಳಾಸ ನಮ್ಮ ಹುಳದ ಮನೆಯ ಈಶಾನ್ಯ ಮೂಲೆ, ಸದ್ಯದ ಮೊಕ್ಕಾಂ ಮುಜಾಮಿಲ್ ಅವರ ರಿಪೇರಿ ಅಂಗಡಿ, ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆ, ರಾಮನಗರ.

ದಿನಾಂಕ: ೧೯-೨-೨೦೦೮, ಮಂಗಳವಾರ.

ವಿಷಯ: ಗುಂಡಿ ಒತ್ತಿದಾಗ ತಾವು ಏಳದಿರುವ ಬಗ್ಗೆ.

ಉಲ್ಲೇಖ: ಇದೇ ತಿಂಗಳ ಹದಿನಾಲ್ಕನೆಯ ತಾರೀಕು ನಾನು ತಮ್ಮ ಗುಂಡಿಯನ್ನು ನಲವತ್ತೊಂದು ಸಲ ಒತ್ತಿದ್ದು.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂಬುದು ಊರಿಗೆಲ್ಲ ತಿಳಿದಿರುವುದರಿಂದ ಕ್ಷೇಮ ಸಮಾಚಾರ ಕೇಳುವ ಶಿಷ್ಟಾಚಾರವನ್ನು ಈ ಒಂದು ಸಲ ಬದಿಗಿಟ್ಟು, ತಮಗೂ, ತಮ್ಮೊಡನೆ ನಮ್ಮ ಮನೆಗೆ ಬಂದ ಮಾನಿಟರ್, ಕೀಲಿಮಣೆ ಹಾಗೂ ಎಡಕ್ಕೆ ಮಾತ್ರ ಓಡುವ ಮೌಸ್ ಅವರಿಗೂ ಅನಂತ ನಮಸ್ಕಾರಗಳನ್ನು ಸಲ್ಲಿಸಿ, ಕೈಲಾಂಚ ಹೋಬಳಿಯ ಒಬ್ಬ ಸಾಮಾನ್ಯ ನಾಗರಿಕನು ತುಂಬಿದ ಹೃದಯದಿಂದಲೂ ನೋಯುತ್ತಿರುವ ಹೆಬ್ಬೆರಳಿನಿಂದಲೂ ಬರೆದುಕೊಳ್ಳುವ ದೂರು ಏನೆಂದರೆ, ತಾವು ಏಳುತ್ತಿಲ್ಲ.

ದೂರು ಬರೆಯುವುದರಲ್ಲಿ ನಾನು ಹೊಸಬನಲ್ಲವೆಂದು ಮೊದಲೇ ತಿಳಿಸಿಬಿಡುವುದು ನ್ಯಾಯ. ೧೯೭೯ರಲ್ಲಿ ಕೆಂಗಲ್ಲಿನಲ್ಲಿ ಕೈ ಅಡ್ಡ ಹಾಕಿದರೂ ನಿಲ್ಲದೆ ಹೋದ ಬಸ್ಸಿನ ಮೇಲೆ ಬರೆದೆ. ೧೯೮೬ರಲ್ಲಿ ಮಳೆ ಬರೆದು ಬಿಸಿಲು ಕೊಟ್ಟ ಪಂಚಾಂಗದ ಮೇಲೆ ಬರೆದೆ. ಪತ್ತೇದಾರಿ ಕಾದಂಬರಿಯ ಕೊನೆಯ ಹಾಳೆಯನ್ನೇ ಹರಿದುಕೊಂಡು ಹೋದ ಒಬ್ಬ ಅಜ್ಞಾತ ಓದುಗರ ಮೇಲೆ ಮೂರು ಸಲ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಆದರೆ ಎಲ್ಲದರ ತಾರೀಕು ನನ್ನ ನೆನಪಿನಲ್ಲಿದೆ. ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮ, "ಇವರಿಗೆ ಅಂಗಡಿಗೆ ಹೋದ್ರೆ ಉಪ್ಪು ತರಾದು ಮರ್ತೋಯ್ತದೆ, ಇಪ್ಪತ್ತೊಂಬತ್ ವರ್ಸದ ಬಸ್ಸಿನ ನಂಬರ್ ಮಾತ್ರ ಬಾಯಾಗೇ ಐತೆ" ಎಂದು ನೆಂಟರೆದುರು ಹೇಳುವುದುಂಟು. ಅದನ್ನು ನಾನು ಹೊಗಳಿಕೆಯೆಂದೇ ಇಷ್ಟು ವರ್ಷ ತಿಳಿದಿದ್ದೆ.

ಬಹಿರಂಗ ಪತ್ರವನ್ನು ಬೇರೆಯವರೂ ಓದುತ್ತಾರಾದ್ದರಿಂದ ನನ್ನ ಪರಿಚಯವನ್ನೂ ಹೇಳಿಕೊಳ್ಳಬೇಕು. ಮೂವತ್ತಮೂರು ವರ್ಷ ರೇಷ್ಮೆ ಪ್ರದರ್ಶಕನಾಗಿ, ಅಕ್ಕೂರಿನಿಂದ ಕೈಲಾಂಚದವರೆಗೆ ಮೊದಲು ಸೈಕಲ್ಲಿನಲ್ಲಿ, ಆಮೇಲೆ ಲೂನಾದಲ್ಲಿ ಸುತ್ತಿ, ನಾನು ಹುಟ್ಟುವುದಕ್ಕೆ ಮೊದಲಿನಿಂದ ಹುಳು ಸಾಕುತ್ತಿದ್ದ ಹೆಂಗಸರಿಗೆ ಹುಳು ಸಾಕುವುದು ಹೇಗೆಂದು ಹೇಳಿಕೊಟ್ಟವನು ನಾನು. ಕೋಣೆ ತಂಪಾಗಿರಬೇಕು, ಗಾಳಿಯಲ್ಲಿ ತೇವ ಇರಬೇಕು, ಅದಕ್ಕಾಗಿ ಗೋಣಿತಾಟು ನೆನೆಸಿ ಕಿಟಕಿಗೆ ಇಳಿಬಿಡಬೇಕು, ಇರುವೆ ಬರದಂತೆ ನೆಲಕ್ಕೆ ಸುಣ್ಣದ ಪುಡಿ ಹಾಕಬೇಕು, ಧೂಳು ಬೀಳಲೇಬಾರದು. ಈ ಐದು ಮಾತನ್ನು ನಾನು ನಿದ್ದೆಯಲ್ಲೂ ಹೇಳುತ್ತೇನೆಂದು ಮೇಲೆ ಹೇಳಿದ ಸಾಕ್ಷಿಯೇ ಹೇಳುತ್ತಾರೆ.

ತಾವು ೨೦೦೩ರಲ್ಲಿ, ನಾನು ನಿವೃತ್ತನಾದ ತಿಂಗಳು, ಬೆಂಗಳೂರಿನಿಂದ ಟೆಂಪೋದಲ್ಲಿ ಬಂದು ಇಳಿದಿರಿ. ತಮ್ಮನ್ನು ಮಾರಿದವರು ಬೀಳ್ಕೊಡುವಾಗ ಹೇಳಿದ್ದು ಮೂರೇ ಮಾತು: ತಂಪಾದ ಜಾಗದಲ್ಲಿಡಿ, ಧೂಳು ಬೀಳದಂತೆ ನೋಡಿಕೊಳ್ಳಿ, ಇರುವೆ ಸೇರಿಸಬೇಡಿ. ಇದನ್ನು ಕೇಳಿ ನನಗೆ ನಗು ಬಂತು. ಯಾರಿಗೆ ಹೇಳುತ್ತಿದ್ದೀರಿ ಸ್ವಾಮಿ, ಎಂದುಕೊಂಡೆ. ಆ ನಗುವಿನ ಬೆಲೆಯನ್ನು ಈಗ ಕಟ್ಟುತ್ತಿದ್ದೇನೆ.

ಮೂರು ವರ್ಷ ತಾವು ನಡುಮನೆಯಲ್ಲಿ, ರಾಗಿ ಮೂಟೆಗಳ ಪಕ್ಕದಲ್ಲಿ ಸುಖವಾಗಿಯೇ ಇದ್ದಿರಿ. ೨೦೦೬ರ ಅಕ್ಟೋಬರಿನಲ್ಲಿ ನಮ್ಮೂರ ಹಿಂದಿನ ಗುಡ್ಡಕ್ಕೆ ಜಲ್ಲಿ ಒಡೆಯುವ ಕ್ರಷರ್ ಬಂತು. ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆ ಆರರವರೆಗೆ ಗುಡ್ಡ ಪುಡಿಯಾಗಿ ನಮ್ಮ ಮೇಲೆ ಇಳಿಯತೊಡಗಿತು. ಹಸಿರು ಸೊಪ್ಪು ಬಿಳಿಯಾಯಿತು. ಎಮ್ಮೆಗಳ ಬಣ್ಣ ಬದಲಾಯಿತು. ತಮ್ಮ ಗಾಜಿನ ಮುಖದ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಾಗ ನಾನು ತಡೆಯಲಾರದೆ, ಮನೆಯಲ್ಲಿ ಧೂಳು ನುಗ್ಗದ ಒಂದೇ ಕೋಣೆಗೆ, ಅಂದರೆ ಕಿಟಕಿಗೆ ಬಲೆ ಹೊಡೆದ, ಗೋಡೆಗೆ ಉಷ್ಣಮಾಪಕ ನೇತುಹಾಕಿದ, ನನ್ನದೇ ಪಾಠದ ಪ್ರಕಾರ ಕಟ್ಟಿಸಿದ ಹುಳದ ಮನೆಗೆ ತಮ್ಮನ್ನು ಬಡ್ತಿಯ ಮೇಲೆ ವರ್ಗಾಯಿಸಿದೆ. ಚಿಕ್ಕಲಕ್ಷ್ಮಮ್ಮ ತಡೆದಳು. "ಅದೇನು ಸೊಪ್ಪು ತಿಂತದಾ, ನನ್ ಹುಳದ್ ಪಕ್ಕ ಕೂರ್ಸಕೆ?" ಎಂದಳು. ನಾನು ವಿಜ್ಞಾನದ ಎರಡು ವಾಕ್ಯ ಹೇಳಿ ಅವಳ ಬಾಯಿ ಮುಚ್ಚಿಸಿದೆ.

ಇನ್ನು ತಮ್ಮಿಂದ ನನಗೆ ಏನಾಗಬೇಕಿತ್ತೆಂಬ ಮುಖ್ಯ ವಿಷಯ. ಕ್ರಷರಿಗೆ ಎಲ್ಲರಿಗಿಂತ ಹತ್ತಿರವಿರುವುದು ನಮ್ಮ ಪಕ್ಕದ ಮನೆಯ ನಾಗಲಕ್ಷ್ಮಮ್ಮನ ಒಂದು ಎಕರೆ ಹಿಪ್ಪುನೇರಳೆ ತೋಟ. ಗಂಡ ಇಲ್ಲದ ಹೆಂಗಸು. ಆ ತೋಟ, ಎರಡು ಹಸು, ಅಷ್ಟೇ. ಆ ಸೊಪ್ಪು ತಿಂದ ಹುಳು ನಾಲ್ಕನೆಯ ಹಂತ ದಾಟುತ್ತಲೇ ಇರಲಿಲ್ಲ. ಮೂರು ಬೆಳೆ ಮೇಲಿಂದ ಮೇಲೆ ಹೋದವು. ಅಷ್ಟರಲ್ಲಿ ಕ್ರಷರಿನವರು ಎರಡನೆಯ ಯಂತ್ರ ಹಾಕುವುದಕ್ಕೆ ಅನುಮತಿ ಕೇಳಿದರು. ಆಕ್ಷೇಪಣೆ ಇರುವವರು ಫೆಬ್ರವರಿ ಹದಿನೆಂಟರ ಸೋಮವಾರ ಹನ್ನೊಂದು ಗಂಟೆಗೆ ದಾಖಲೆ ಸಮೇತ ರಾಮನಗರದ ಕಚೇರಿಗೆ ಬರಬೇಕೆಂದು ಸರ್ಕಾರದವರು ನೋಟೀಸು ಅಂಟಿಸಿದರು. ಎರಡನೆಯ ಯಂತ್ರವೂ ಬಂದರೆ ನಾಗಲಕ್ಷ್ಮಮ್ಮ ತೋಟ ಕೀಳಿಸುವುದೊಂದೇ ದಾರಿ. ಅವಳು ನಮ್ಮ ಜಗಲಿಯ ಮೇಲೆ ಕೂತು, "ಅಣ್ಣ, ಅಲ್ಲಿ ನನ್ ಮಾತ ಯಾರ್ ಕೇಳಾರು? ನೀವ್ ಬರ್ದಿರೋದ ಕೇಳ್ತಾರೆ. ಅದ್ನ ಇಟ್ಕಂಡ್ ಬನ್ನಿ, ನಾನ್ ಹಿಂದೆ ನಿಂತ್ಕತೀನಿ" ಎಂದಳು.

ನಾನು ಬರೆದಿದ್ದೆ, ಮಾನ್ಯರೇ. ಹದಿನಾರು ತಿಂಗಳು ದಿನಾ ಬೆಳಿಗ್ಗೆ ಅವಳ ತೋಟಕ್ಕೆ ಹೋಗಿ, ಎಷ್ಟು ಹೊತ್ತಿಗೆ ಕ್ರಷರ್ ಶುರುವಾಯಿತು, ಗಾಳಿ ಯಾವ ಕಡೆಯಿಂದ ಬಂತು, ಸೊಪ್ಪಿನ ಮೇಲೆ ಎಷ್ಟು ಧೂಳು, ತೊಳೆದು ಹಾಕಿದ ಸೊಪ್ಪಿಗೆ ಹುಳು ಹೇಗಿತ್ತು, ತೊಳೆಯದ ಸೊಪ್ಪಿಗೆ ಹೇಗಿತ್ತು, ಎಲ್ಲವನ್ನೂ ಹಾಳೆಯ ಮೇಲೆ ಬರೆದು, ಸಂಜೆ ತಮ್ಮೊಳಗೆ ಟೈಪು ಮಾಡುತ್ತಿದ್ದೆ. ಮೂವತ್ತೊಂದು ಪುಟ. ತಮ್ಮ ಮೇಲಿದ್ದ ಭಕ್ತಿ ಎಂಥದೆಂದರೆ, ಟೈಪು ಮುಗಿದ ಹಾಳೆಗಳನ್ನು ನಾಗಲಕ್ಷ್ಮಮ್ಮನಿಗೇ ಕೊಟ್ಟು, "ತಟ್ಟೆಗೆ ಹಾಸಿಕೊಳ್ಳಮ್ಮ, ಇನ್ನು ಕಾಗದದ ಕಾಲ ಮುಗಿಯಿತು" ಎಂದು ಭವಿಷ್ಯ ನುಡಿದಿದ್ದೆ. ಹುಳದ ತಟ್ಟೆಗೆ ಹಳೆ ಪೇಪರು ಹಾಸುವುದು ನಮ್ಮ ಕಡೆ ವಾಡಿಕೆ. ನನ್ನ ಅಕ್ಷರಗಳು ಹಾಗೆ ಹುಳುಗಳ ಹಾಸಿಗೆಯಾದವು. ಮುದ್ರಿಸಿ ಇಟ್ಟುಕೊಳ್ಳಿ ಎಂದು ಹೇಳಿದವರಿದ್ದರು. ಪರಿವಿಡಿ ಸಿದ್ಧವಾಗದೆ ಮುದ್ರಿಸುವುದು ಶಿಸ್ತಲ್ಲವೆಂದು ನಾನು ಉತ್ತರಿಸಿದ್ದೆ.

ಗುರುವಾರ, ಹದಿನಾಲ್ಕನೆಯ ತಾರೀಕು, ಪರಿವಿಡಿ ಬರೆಯೋಣವೆಂದು ತಮ್ಮ ಗುಂಡಿ ಒತ್ತಿದೆ. ಹಸಿರು ದೀಪ ಒಂದು ಸಲ ಕಣ್ಣು ಮಿಟುಕಿಸಿತು, ಒಳಗೆ ಫ್ಯಾನು ಎರಡು ಸುತ್ತು ತಿರುಗಿ "ಗುರ್" ಎಂದು ನಿಂತಿತು. ಮತ್ತೆ ಒತ್ತಿದೆ. ಮತ್ತೆ ಎರಡು ಸುತ್ತು. ನಲವತ್ತೊಂದನೆಯ ಸಲ ಒಂದೂವರೆ ಸುತ್ತಿಗೇ ನಿಂತಾಗ, ತಾವು ಹಿಂದಕ್ಕೆ ಹೋಗುತ್ತಿದ್ದೀರೆಂದು ತಿಳಿದು ಕೈ ಬಿಟ್ಟೆ.

ನಾನು ವಿಜ್ಞಾನದವನಾದ್ದರಿಂದ ಗಾಬರಿಯಾಗದೆ ಕ್ರಮವಾಗಿ ಪರೀಕ್ಷಿಸಿದೆ. ಮೊದಲು ಕರೆಂಟನ್ನು ಅನುಮಾನಿಸಿ, ಲೈನ್‌ಮನ್ ಮೇಲೆ ಒಂದೂವರೆ ಪುಟದ ದೂರು ಬರೆದೆ. ಸಹಿ ಹಾಕುವ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ಜೋರಾಗಿ ತಿರುಗಿ ಆತ ನಿರಪರಾಧಿಯೆಂದು ಸಾಬೀತಾಯಿತು. ಆಮೇಲೆ ಪ್ಲಗ್ಗನ್ನು ಅನುಮಾನಿಸಿ, ಕಿತ್ತು, ಊದಿ, ಹಾಕಿದೆ. ಅದೂ ನಿರಪರಾಧಿ. ಕೊನೆಗೆ ತಮ್ಮ ಎದುರು ಕುರ್ಚಿ ಹಾಕಿಕೊಂಡು ಕೂತು, ಅಲುಗದೆ, ಏನೂ ತಿನ್ನದೆ, ತಲೆ ಎತ್ತಿ ಸುಮ್ಮನೆ ಕೂತಿದ್ದ ತಮ್ಮನ್ನು ಅರ್ಧ ಗಂಟೆ ನೋಡಿದ ಮೇಲೆ ನನಗೆ ರೋಗ ಹೊಳೆಯಿತು. ಈ ಭಂಗಿಯನ್ನು ನಾನು ಮೂವತ್ತಮೂರು ವರ್ಷದಿಂದ ಬಲ್ಲೆ. ತಾವು ಜ್ವರಕ್ಕೆ ಕೂತಿದ್ದೀರಿ!

ತಿಳಿಯದವರಿಗಾಗಿ ಹೇಳುತ್ತೇನೆ: ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ಅಲುಗದೆ ಕೂತು, ಹಳೆಯ ಚರ್ಮ ಕಳಚಿಕೊಂಡು ಏಳುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ಆಗ ಅದನ್ನು ಮುಟ್ಟಬಾರದು, ಸದ್ದು ಮಾಡಬಾರದು, ಮೈಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಒಂದು ದಿನ ಬಿಟ್ಟರೆ ತಾನೇ ಹೊಸ ಹುಳುವಾಗಿ ಏಳುತ್ತದೆ. ಯಂತ್ರಕ್ಕೆ ಚರ್ಮ ಇಲ್ಲವೆಂದು ನನಗೆ ಗೊತ್ತಿತ್ತು, ಮಾನ್ಯರೇ. ನಾನು ಅಷ್ಟು ದಡ್ಡನಲ್ಲ. ಆದರೆ ದಣಿದ ವಸ್ತು ಯಾವುದಾದರೂ ಒಂದೇ, ತೇವ ಹೆಚ್ಚಾಗಿ ಒಳಗೆ ಬೆವರಿರಬಹುದು, ಸುಣ್ಣ ಬೆವರು ಹೀರುತ್ತದೆ, ಎಂದು ಬಹಳ ವೈಜ್ಞಾನಿಕವಾಗಿ ಯೋಚಿಸಿ, ಜರಡಿ ತಂದು, ತಮ್ಮ ಬೆನ್ನಿನ ಕಿಂಡಿಗಳಿಗೆ ಸಮವಾಗಿ ಬೀಳುವಂತೆ ಸುಣ್ಣ ಜರಡಿ ಹಿಡಿದೆ. ಪಕ್ಕದ ತಟ್ಟೆಗಳಲ್ಲಿ ನಿಜವಾದ ಹುಳುಗಳೂ ಎರಡನೆಯ ಜ್ವರಕ್ಕೆ ಕೂತಿದ್ದರಿಂದ ಒಂದೇ ಕೆಲಸದಲ್ಲಿ ಎರಡೂ ಆಯಿತೆಂದು ಸಂತೋಷಪಟ್ಟೆ. ಕಿಟಕಿಯ ಗೋಣಿತಾಟಿಗೆ ಇನ್ನೆರಡು ಚೆಂಬು ನೀರು ಹಾಕಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕಲಕ್ಷ್ಮಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದು ಸುಣ್ಣದ ಪುಡಿಗೆ ಎಂದು ನಾನು ತಿಳಿದೆ.

ಶುಕ್ರವಾರ ಹುಳುಗಳು ಜ್ವರದಿಂದ ಎದ್ದವು. ತಾವು ಏಳಲಿಲ್ಲ.

ಆಗ ರಾಮನಗರದ ಮುಜಾಮಿಲ್‌ಗೆ ಫೋನು ಮಾಡಿದೆ. ತಂದೆಯ ಕಾಲದಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದ ಮನೆತನ ಅವರದು. ಕೆಲಸ ಕಡಿಮೆಯಾದ ಮೇಲೆ ಮೊದಲು ಮೋಟಾರು, ಆಮೇಲೆ ಟಿ.ವಿ., ಈಗ ಕಂಪ್ಯೂಟರು ರಿಪೇರಿ ಮಾಡುತ್ತಾರೆ. "ವಯರೆಲ್ಲ ಕಿತ್ಬಿಡಿ ಸಾರ್, ಗುಂಡಿ ಅರ್ಧ ನಿಮಿಷ ಒತ್ತಿ ಹಿಡ್ಕಳಿ, ಆಮೇಲ್ ಹಾಕಿ. ಏಳ್ಲಿಲ್ಲ ಅಂದ್ರೆ ಡಬ್ಬ ಬಿಚ್ಚಿ, ಒಳಗೆ ಮೆಮೊರಿ ಐತಲ್ಲ, ಅದನ್ನ ತೆಗ್ದು ರಬ್ಬರಲ್ಲಿ ಒಸಿ ಉಜ್ಜಿ" ಎಂದರು. ಮೊದಲನೆಯದನ್ನು ಗಡಿಯಾರ ನೋಡಿಕೊಂಡು ಮಾಡಿದೆ. ಎರಡನೆಯದಕ್ಕೆ, ತಮ್ಮನ್ನು ಬಿಚ್ಚುವ ಧೈರ್ಯ ಸಾಲದೆ, ಹೊಸ ರಬ್ಬರು ತಂದು ಹೊರಗಡೆಯಿಂದಲೇ ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜಿದೆ. ತಮ್ಮ ಹಣೆಯ ಮೇಲಿದ್ದ ಕಂಪನಿಯ ಹೆಸರು ಆಗಲೇ ಅಳಿಸಿಹೋಗಿದ್ದು. ಅದಕ್ಕೆ ವಿಷಾದಿಸುತ್ತೇನೆ.

ಶನಿವಾರ ಮಧ್ಯಾಹ್ನ ತಾವು ಒಂದು ಸಲ ಎದ್ದಿರಿ. ಅದನ್ನು ಮರೆಯುವುದು ಸಾಧ್ಯವಿಲ್ಲ. ಫ್ಯಾನು ತಿರುಗಿತು, ಪರದೆ ಬೆಳಗಿತು, "ನಾಗಲಕ್ಷ್ಮಮ್ಮ ತೋಟ" ಎಂಬ ಕಡತ ನನ್ನ ಕಣ್ಣೆದುರು ಬಂತು. ಜಗಲಿಯಲ್ಲಿದ್ದ ನಾಗಲಕ್ಷ್ಮಮ್ಮನನ್ನು ಕೂಗಿ ಕರೆದೆ. ಅವಳು ಓಡಿ ಬಂದು, ಪದ್ಧತಿಯಂತೆ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ತಾವು ಮತ್ತೆ ಕಣ್ಣು ಮುಚ್ಚಿದಿರಿ. ಅವಳು ಕಪ್ಪು ಗಾಜಿನಲ್ಲಿ ತನ್ನ ಮುಖವನ್ನೇ ನೋಡಿ, "ಎಲ್ಲೈತೆ ಅಣ್ಣ?" ಎಂದಳು. ಸಾರ್ವಜನಿಕ ಜೀವನದಲ್ಲಿ ನನಗೆ ಹಲವು ಅವಮಾನಗಳಾಗಿವೆ. ಆ ದಿನ ಪಂಚೆಯ ತುದಿಯಿಂದ ತಮ್ಮ ಗಾಜು ಒರೆಸಿದೆ.

ಭಾನುವಾರ ತಮ್ಮನ್ನು ಗೂಡು ಸಾಗಿಸುವ ಬಟ್ಟೆಯಲ್ಲಿ ಗಂಟು ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರಾಮನಗರಕ್ಕೆ ಕರೆದುಕೊಂಡು ಹೋದೆ. ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಗಂಟನ್ನು ನೋಡಿದ ಒಬ್ಬ ಹಳೆಯ ಪರಿಚಯದವನು, ನಾನೇ ಪಾಠ ಹೇಳಿಕೊಟ್ಟ ಶಿಷ್ಯ, ಕೈ ಹಾಕಿ ಎತ್ತಿ ನೋಡಿ, "ಸಾಹೇಬ್ರ ಗೂಡು ಅಂದ್ರೆ ಹಿಂಗಿರ್ಬೇಕು ಕಣ್ಲಾ, ಏನ್ ಭಾರ ಐತೆ!" ಎಂದು ಇನ್ನೊಬ್ಬನಿಗೆ ತೋರಿಸಿದ. ನಾನು ನಿಜ ಹೇಳಲಿಲ್ಲ. ಹೊಗಳಿಕೆ ಸ್ವೀಕರಿಸಿ ಬೇಗ ಬೇಗ ನಡೆದೆ.

ಮುಜಾಮಿಲ್ ನಾಲ್ಕು ತಿರುಪು ಬಿಚ್ಚಿ ತಮ್ಮ ಮಗ್ಗುಲಿನ ತಗಡು ತೆಗೆದರು. ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಸಾರ್, ಇದೇನ್ ಸಾರ್? ಕಂಪ್ಯೂಟರ್‌ಗೆ ಸುಣ್ಣ ಹೊಡ್ಸಿದ್ದೀರ? ಯಾವ್ ಹಬ್ಬ ಬಂತು?" ಎಂದರು. ಒಳಗೆ ತೇವಕ್ಕೆ ಕಲಸಿಕೊಂಡ ಸುಣ್ಣ ಗೋಡೆಗೆ ಮೆತ್ತಿದ ಹಾಗೆ ಮೆತ್ತಿತ್ತು. ಆಮೇಲೆ ಅವರು ಕರೆಂಟು ಹಂಚುವ ಡಬ್ಬಿಯನ್ನು ಬಿಚ್ಚಿ, ಫ್ಯಾನಿನ ಹಿಂದೆ ಬೆರಳು ಹಾಕಿ, ಮೆಲ್ಲಗೆ ಒಂದು ರೇಷ್ಮೆ ಗೂಡನ್ನು ಹೊರಗೆ ತೆಗೆದರು.

ಹೌದು, ಮಾನ್ಯರೇ. ಜನವರಿಯ ಬೆಳೆಯಲ್ಲಿ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಒಂದು ಹುಳು ಬಿದಿರಿನ ಚಂದ್ರಿಕೆಗೆ ಹತ್ತದೆ ದಾರಿ ತಪ್ಪಿ, ಹುಳದ ಮನೆಯಲ್ಲೆಲ್ಲ ಬೆಚ್ಚಗಿನ ಮೂಲೆ ತಮ್ಮ ಹೊಟ್ಟೆಯೇ ಎಂದು ನಿರ್ಧರಿಸಿ ಅಲ್ಲಿ ಮನೆ ಕಟ್ಟಿತ್ತು. ಅದರ ಎಳೆ ಫ್ಯಾನಿನ ನಡುವಿಗೆ ಸುತ್ತಿಕೊಂಡು, ಫ್ಯಾನು ತಿರುಗದೆ, ಒಳಗೆ ಕಾವು ಏರಿ, ಸಣ್ಣ ಸಣ್ಣ ಕೆಪಾಸಿಟರುಗಳು ಪೂರಿಯ ಹಾಗೆ ಉಬ್ಬಿದ್ದವು. ಮುಜಾಮಿಲ್ ವಂಶದ ಅಭ್ಯಾಸ ಬಿಡಲಾರದೆ, ಗೂಡನ್ನು ಚಹದ ಲೋಟದ ಬಿಸಿನೀರಿನಲ್ಲಿ ಅದ್ದಿ, ತುದಿ ಹುಡುಕಿ, ಒಂದು ಮಾರು ಎಳೆ ಎಳೆದು ಬೆಳಕಿಗೆ ಹಿಡಿದು, "ನೂಲು ಒಳ್ಳೇದೈತೆ ಸಾರ್. ನಿಮ್ ಕಂಪ್ಯೂಟರ್ ಕೆಲ್ಸ ಮಾಡ್ದೆ ಇದ್ರೂ ಬೆಳೆ ಕೊಟ್ಟೈತೆ" ಎಂದರು. ನನ್ನ ಮೂವತ್ತಮೂರು ವರ್ಷದ ಸೇವೆಯಲ್ಲಿ ಇಷ್ಟು ಕಠಿಣ ಪರಿಸ್ಥಿತಿಯಲ್ಲಿ ಯಾರೂ ಗೂಡು ಬೆಳೆದಿಲ್ಲವೆಂದು ತಮಗೆ ಪ್ರಮಾಣಪತ್ರ ಬರೆದುಕೊಡಲು ಸಿದ್ಧನಿದ್ದೇನೆ.

ಹೊಸ ಡಬ್ಬಿ ಬೆಂಗಳೂರಿನಿಂದ ಬರಬೇಕು, ಗುರುವಾರದ ತನಕ ಆಗುವುದಿಲ್ಲ ಎಂದರು ಮುಜಾಮಿಲ್. ನನ್ನ ಮುಖ ನೋಡಿ, ತಮ್ಮ ಹಾರ್ಡ್ ಡಿಸ್ಕನ್ನು ಅವರ ಕಂಪ್ಯೂಟರಿಗೆ ಸಿಕ್ಕಿಸಿ ಕಡತ ತೆರೆದರು. ಮೂವತ್ತೊಂದು ಪುಟವೂ ಬಂತು. ಆದರೆ ಒಂದು ಅಕ್ಷರವೂ ಕನ್ನಡವಲ್ಲ. ಕೊಂಬು, ಕೊಕ್ಕೆ, ಚುಕ್ಕಿ ಹೊತ್ತ, ಭೂಮಿಯ ಮೇಲೆ ಯಾವ ದೇಶದವರೂ ಓದದ ಲಿಪಿ. ಕನ್ನಡ ಅಕ್ಷರದ ಸಿ.ಡಿ. ಹಾಕದೆ ಅದು ಓದಲು ಬರುವುದಿಲ್ಲ, ಅಂಗಡಿಯಲ್ಲಿ ಅದಿಲ್ಲ, "ನಿಮ್ಹತ್ರ ಇರ್ಬೇಕಲ್ಲ ಸಾರ್?" ಎಂದರು. ನನ್ನ ಹತ್ತಿರ ಇತ್ತು. ಒಣಹಾಕಿದ ರಾಗಿಗೆ ಗುಬ್ಬಿ ಬಾರದಿರಲೆಂದು ಅದನ್ನು ಹಿತ್ತಲಿನಲ್ಲಿ ದಾರ ಕಟ್ಟಿ ನೇತುಹಾಕಿದವನೂ ನಾನೇ. ಎಂಟು ತಿಂಗಳ ಬಿಸಿಲಿಗೆ ಅದರ ಹೊಳಪು ಪದರ ಪದರವಾಗಿ ಎದ್ದುಹೋಗಿದೆ. ಗುಬ್ಬಿಗಳು ಈಗ ಅದರ ಮೇಲೆ ಕೂರುತ್ತವೆ.

ಇಲ್ಲಿಯವರೆಗೆ ತಮ್ಮ ಮೇಲಿದ್ದ ದೂರುಗಳನ್ನು ನಾನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತ ಬಂದಿರುವುದನ್ನು ತಾವು ಗಮನಿಸಿರಬಹುದು. ಭಾನುವಾರ ಸಂಜೆ ಊರಿಗೆ ವಾಪಸಾಗುವ ಬಸ್ಸಿನಲ್ಲಿ, ಮಡಿಲು ಖಾಲಿಯಾಗಿದ್ದರಿಂದಲೋ ಏನೋ, ದೂರು ಕೊಡಬೇಕಾದ ವ್ಯಕ್ತಿಯ ವಿಳಾಸ ನನಗೆ ಸ್ಪಷ್ಟವಾಗಿ ಕಾಣಿಸಿತು.

ನಾಗಲಕ್ಷ್ಮಮ್ಮ ಹಸು ಕಟ್ಟುತ್ತಿದ್ದಳು. ನಾನು ತಪ್ಪೊಪ್ಪಿಗೆಯನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ: ದಾಖಲೆ ಇದೆ, ಆದರೆ ಇಲ್ಲ, ಎಂದು ಪ್ರಾರಂಭವಾಗುತ್ತಿತ್ತು. ಅವಳು ಪೂರ್ತಿ ಕೇಳಲಿಲ್ಲ. "ನೀವ್ ಬರೀತಿದ್ದ ಹಾಳೆ ಏನಾದ್ವಣ್ಣ?" ಎಂದಳು. ನಿನ್ನ ತಟ್ಟೆಗೆ ಹಾಸಲು ಕೊಟ್ಟೆನಲ್ಲ, ಎಂದೆ. ಅವಳು ಹಸುವಿನ ಹಗ್ಗವನ್ನು ಗೂಟಕ್ಕೆ ಬಿಗಿದಳು. "ಬೈಬ್ಯಾಡಿ. ಬೆಳೆ ಹೋದಾಗೆಲ್ಲ ಹಾಸಿದ್ ಪೇಪರು ಸುಟ್ಬುಡು, ರೋಗ ಅಂಟ್ತದೆ ಅಂತ ನೀವೇ ಹೇಳಿದ್ರಿ. ನ್ಯೂಸ್ ಪೇಪರ್ ಸುಟ್ಟೆ. ನಿಮ್ದು ಸುಡನಿಲ್ಲ. ಕೈಯಾಗ್ ಬರ್ದಿರ ಅಕ್ಸರ ಬೆಂಕಿಗ್ ಹೆಂಗ್ ಹಾಕಾದು ಅಂತ ಮೂಟೆ ಕಟ್ಟಿ ಕೊಟ್ಗೆ ಅಟ್ಟದಾಗೆ ಇಕ್ಕಿವ್ನಿ."

ಅವಳಿಗೆ ಓದಲು ಬರುವುದಿಲ್ಲ, ಮಾನ್ಯರೇ. ಕಾಗದ ತುಳಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನೆಯಲ್ಲಿ ಹುಟ್ಟಿದವಳು, ಅಷ್ಟೇ. ರೋಗದ ಹಾಸಿಗೆ ಸುಡದವರನ್ನು ನಾನು ಸಭೆಗಳಲ್ಲಿ ನಿಲ್ಲಿಸಿ ಬೈದಿದ್ದೇನೆ. ಇವಳಿಗೆ ಅಟ್ಟ ಹತ್ತಲು ಏಣಿ ಹಿಡಿದೆ.

ಸೋಮವಾರ ಹನ್ನೊಂದಕ್ಕೆ ನಾವಿಬ್ಬರೂ ಒಂದು ಗೋಣಿಚೀಲದೊಂದಿಗೆ ಹೊಸ ಜಿಲ್ಲೆಯ ಒಂದು ಹೊಸ ಕಚೇರಿಯಲ್ಲಿ ನಿಂತಿದ್ದೆವು. ಕ್ರಷರಿನವರು ಬಣ್ಣದ ನಕ್ಷೆಗಳಿದ್ದ, ಸುರುಳಿ ತಂತಿ ಹಾಕಿದ ಪುಸ್ತಕ ಒಪ್ಪಿಸಿದರು. ಪರಿವಿಡಿ ಇತ್ತು, ನನಗೆ ಹೊಟ್ಟೆಯುರಿಯಿತು. ಅಧಿಕಾರಿಗಳು ಸಭ್ಯರೇ. ಅವರ ಮೇಜಿನ ಮೇಲೆ ತಮ್ಮ ಜಾತಿಯವರೇ ಆದ, ತೆಳ್ಳಗಿನ, ಮೈಮೇಲಿನ ಪ್ಲಾಸ್ಟಿಕ್ಕು ಅರ್ಧ ಮಾತ್ರ ಬಿಚ್ಚಿದ ಒಂದು ಹೊಸ ಕಂಪ್ಯೂಟರ್ ಇತ್ತು. "ನಿಮ್ಮ ದಾಖಲೆ ಎಲ್ರೀ?" ಎಂದರು. ನಾನು ಗಂಟಲು ಸರಿಮಾಡಿಕೊಂಡು, ಗಾಳಿಯ ತೇವಾಂಶದಿಂದ ಪ್ರಾರಂಭಿಸಿದೆ. ಎರಡು ನಿಮಿಷಕ್ಕೆ ಅವರು ಗಡಿಯಾರ ನೋಡಿದರು. ಮೂರನೆಯ ನಿಮಿಷಕ್ಕೆ, ಹಿಂದೆ ನಿಂತುಕೊಳ್ಳುತ್ತೇನೆ ಎಂದಿದ್ದ ನಾಗಲಕ್ಷ್ಮಮ್ಮ ಮುಂದೆ ಬಂದು, ಚೀಲದ ಬಾಯಿ ಬಿಚ್ಚಿ, ಮೇಜಿನ ಮೇಲೆ ಬೋರಲು ಹಾಕಿದಳು.

ಹದಿನಾರು ತಿಂಗಳ ಹಾಳೆ ಮತ್ತು ಹದಿನಾರು ತಿಂಗಳ ಗುಡ್ಡ ಒಟ್ಟಿಗೆ ಬಿದ್ದವು. ಬಿಳಿಯ ಧೂಳು ಎದ್ದು ಫ್ಯಾನಿಗೆ ಸಿಕ್ಕಿ ಕೋಣೆಯೆಲ್ಲ ತುಂಬಿತು. ಅಧಿಕಾರಿಗಳು ಕುರ್ಚಿಯಿಂದ ಚಿಮ್ಮಿ, "ಏಯ್, ಏಯ್, ಏನಮ್ಮ ಮಾಡ್ತಿದ್ದೀಯ! ಕಂಪ್ಯೂಟರ್ ಮೇಲೆ ಬೀಳ್ತದೆ! ಮೊನ್ನೆ ಬಂದಿರೋ ಮಿಷನ್ನು, ಧೂಳು ಹೋದ್ರೆ ಕೆಟ್ಟೇ ಹೋಗುತ್ತೆ!" ಎಂದು ಕೂಗುತ್ತ ಜೇಬಿನ ಕರವಸ್ತ್ರ, ಒಂದು ಕಡತ, ಕೊನೆಗೆ ಎರಡೂ ಕೈ ಹರಡಿ ಅದರ ಮೇಲೆ ಬಗ್ಗಿದರು.

ನಾಗಲಕ್ಷ್ಮಮ್ಮ ಹಾಳೆ ಆಯ್ದುಕೊಳ್ಳುತ್ತಲೇ, ಜೋರು ಮಾಡದೆ ಹೇಳಿದಳು: "ನಿಮ್ ಪೆಟ್ಗೆಗೆ ಒಂದ್ ಹಿಡಿ ಧೂಳು ಆಗಾಕಿಲ್ಲ ಅಂತೀರಿ ಸ್ವಾಮಿ. ಅದು ಬರೀ ಕೂತಿರ್ತದೆ. ನನ್ ಹುಳ ಅದ್ನೇ ತಿನ್ಬೇಕಲ್ಲ?"

ಅಧಿಕಾರಿಗಳು ನೆಟ್ಟಗೆ ನಿಂತು, ಕರವಸ್ತ್ರ ಎತ್ತಿ, ಅದಕ್ಕೆ ಅಂಟಿದ್ದನ್ನು ನೋಡಿದರು. ಆಮೇಲೆ ಮೇಜಿನಿಂದ ಒಂದು ಹಾಳೆ ತೆಗೆದು, ಅದರ ಮೇಲಿನ ಸೊಪ್ಪಿನ ಕಲೆಯ ಸುತ್ತ ಬರೆದಿದ್ದ ನನ್ನ ಅಕ್ಷರಗಳನ್ನು ಓದಿದರು. ಇನ್ನೊಂದು ತೆಗೆದುಕೊಂಡರು. ಕೂತುಕೊಂಡು ಓದಿದರು. ಖುದ್ದಾಗಿ ಬಂದು ತೋಟ ನೋಡುವವರೆಗೆ ಎರಡನೆಯ ಯಂತ್ರಕ್ಕೆ ಅನುಮತಿ ಇಲ್ಲವೆಂದೂ, ಈಗಿರುವ ಯಂತ್ರಕ್ಕೆ ನೀರು ಸಿಂಪಡಿಸಿ ಸುತ್ತ ತಗಡಿನ ಮರೆ ಕಟ್ಟಬೇಕೆಂದೂ ಅಲ್ಲೇ ಬರೆಸಿದರು. ನನ್ನ ತೇವಾಂಶದ ಭಾಷಣವನ್ನು ಮುಂದುವರಿಸಲು ಯಾರೂ ಕೇಳಿಕೊಳ್ಳಲಿಲ್ಲ.

ಆದ್ದರಿಂದ, ಮಾನ್ಯರೇ, ದೂರಾಗಿ ಪ್ರಾರಂಭವಾದ ಈ ಪತ್ರ ಇನ್ನು ಕೆಲವು ಬಿನ್ನಹಗಳಲ್ಲಿ ಮುಗಿಯಬೇಕಾಗಿದೆ. ಮನುಷ್ಯರಿಗಿಂತ ಸಾವಿರಪಾಲು ವೇಗವಾಗಿ ಯೋಚಿಸುವ ತಾವು ಮುಂದೆ ಯಾರಾದರೂ ಜರಡಿ ಹಿಡಿದುಕೊಂಡು ಬೆನ್ನ ಹಿಂದೆ ಬಂದಾಗ ದಯವಿಟ್ಟು ಒಂದು ಮಾತು ಹೇಳಬೇಕು. ವಾಪಸು ಬಂದ ಮೇಲೆ ನಡುಮನೆಯ ರಾಗಿ ಮೂಟೆಯ ಪಕ್ಕದ ಹಳೆಯ ಜಾಗದಲ್ಲಿ, ಹಿಂಬಡ್ತಿಯೆಂದು ಭಾವಿಸದೆ, ಕೆಲಸಕ್ಕೆ ಹಾಜರಾಗಬೇಕು. ಗೂಡಿನ ವಿಷಯವನ್ನು ನನ್ನ ಹಳೆಯ ಶಿಷ್ಯರಿಗೆ ಹೇಳಬಾರದು. ಮುಜಾಮಿಲ್ ಈಗಾಗಲೇ ಹೇಳಿದ್ದರೆ, ಅದನ್ನು ಅವರ ನೆನಪಿನಿಂದ ಅಳಿಸುವ ಗುಂಡಿ ತಮ್ಮಲ್ಲಿದ್ದರೆ ಒತ್ತಬೇಕು. ಮತ್ತು ಒಬ್ಬ ಮುದುಕ ತಮ್ಮನ್ನು ಹುಳದಷ್ಟೇ ಅಕ್ಕರೆಯಿಂದ ಸಾಕಲು ಹೋಗಿ ಕೆಡಿಸಿದ್ದನ್ನು ಕ್ಷಮಿಸಬೇಕು. ಅಕ್ಕರೆ ನಿಜವಾದದ್ದೇ. ಪಾಠ ಮಾತ್ರ ಬೇರೆ ಪ್ರಾಣಿಯದು.

ಸುಣ್ಣ ಅಂಟಿದ ಕೈಗಳನ್ನು ಜೋಡಿಸಿ,

ತಮ್ಮ ವಿಶ್ವಾಸಿ,
ಕೆ. ಬೋರಲಿಂಗಯ್ಯ
(ಸ್ವಂತ ಕೈಬರಹದಲ್ಲಿ, ಎರಡು ಪ್ರತಿ)

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ, ಗುರುವಾರ, ಹೊಸ ಡಬ್ಬಿಯೊಂದಿಗೆ ತಾವು ಮನೆಗೆ ಬಂದು ಒಂದೇ ಒತ್ತಿಗೆ ಎದ್ದಿರಿ. ಎದ್ದವರು, ಇವತ್ತು ೨೦೦೨ರ ಜನವರಿ ಒಂದು ಎಂದಿರಿ. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತರೆ ತಮಗೆ ತಾರೀಕು ಮರೆತುಹೋಗುತ್ತದಂತೆ. ಇಂಥವರನ್ನು ನಾನು ಜ್ಞಾಪಕಕ್ಕೆಂದು ನಂಬಿದ್ದೆ. ಸರಿಮಾಡುವ ಮೊದಲು, ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಆ ತಾರೀಕನ್ನು ನೋಡುತ್ತ ಕೂತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ತಮ್ಮ ಪ್ರಕಾರ ಗುಡ್ಡ ಇನ್ನೂ ಇಡಿಯಾಗಿತ್ತು, ಸೊಪ್ಪು ಹಸಿರಾಗಿತ್ತು, ನಾನು ಇನ್ನೂ ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಸತ್ತ ಬ್ಯಾಟರಿಯನ್ನು ಎಸೆದಿಲ್ಲ. ಗುಡ್ಡ ಇನ್ನೂ ಇಡಿಯಾಗಿದೆಯೆಂದು ತೋರಿಸಲು ಕ್ರಷರಿನ ಮಾಲೀಕರಿಗೆ ಬೇಕಾಗಬಹುದು.

ಅಧಿಕಾರಿಗಳು ಓದಿ ಹಿಂದಿರುಗಿಸಿದ ಹಾಳೆಗಳನ್ನು ನಾನು ಕೇಳಿದೆ, ತಪ್ಪಿಲ್ಲದೆ ಮತ್ತೆ ಟೈಪು ಮಾಡಿಡುತ್ತೇನೆಂದೆ. ನಾಗಲಕ್ಷ್ಮಮ್ಮ ಕೊಡಲಿಲ್ಲ. "ಆ ಸಾಹೇಬ್ರು ತ್ವಾಟ ನೋಡಕ್ ಬರ್ಲಿ, ಆಮ್ಯಾಕ್ ನೋಡನ. ಅಲ್ಲಿಗಂಟ ಅಟ್ಟದ್ ಮ್ಯಾಲೇ ಇರ್ಲಿ ಬುಡಿ ಅಣ್ಣ," ಎಂದಳು. "ಅದ್ನ ಎಬ್ಬಿಸ್ಬೇಕಾಗಿಲ್ವಲ್ಲ."